ಹನ್ನೆರಡು ಸೀಟಿನ ಆಫೀಸಿಗೆ ಅಗ್ಗದ ಟರ್ಮಿನಲ್ ಸರ್ವರ್: ಸೆಕೆಂಡ್ ಹ್ಯಾಂಡ್ ಎಚ್‌ಪಿ ಝಡ್440, ಅದರ ಸುತ್ತಮುತ್ತಲಿನ ಖರ್ಚು

ಟರ್ಮಿನಲ್ ಸರ್ವರ್ ಎಂದರೆ ಆಫೀಸಿನ ಎಲ್ಲರ ಕೆಲಸವೂ ನಡೆಯುವ ಒಂದೇ ಕಂಪ್ಯೂಟರ್; ಪ್ರತಿ ಮೇಜಿನ ಮೇಲೆ ಅದರ ತೆರೆ ತೋರಿಸುವ ಪುಟ್ಟ ಡಬ್ಬಿ (ಕ್ಲೈಂಟ್) ಇದ್ದರೆ ಸಾಕು. ತೀರ್ಪನ್ನು ಮೊದಲೇ ಹೇಳಿಬಿಡೋಣ. ಹತ್ತರಿಂದ ಇಪ್ಪತ್ತು ಜನ ಕೂರುವ ಆಡಿಟರ್ ಆಫೀಸು, ಪತ್ತಿನ ಸಹಕಾರ ಸಂಘ, ಕಾಲೇಜಿನ ಕಚೇರಿ ಇಂಥ ಕಡೆ ಹಳೆಯ ಎಚ್‌ಪಿ ಝಡ್440 ವರ್ಕ್‌ಸ್ಟೇಷನ್ ಟರ್ಮಿನಲ್ ಸರ್ವರ್ ಆಗಿ ಚೆನ್ನಾಗಿ ದುಡಿಯುತ್ತದೆ. ಎಂಟು ಸೀಟಿನೊಳಗೆ ಮುಗಿಯುವ ಆಫೀಸಿಗೆ ಅದು ಅನಗತ್ಯ, ಡೆಲ್ ಆಪ್ಟಿಪ್ಲೆಕ್ಸ್ 7050 ಸಾಕು. ಮಕ್ಕಳು ಪಾಠದ ವಿಡಿಯೊ ನೋಡುವ ಶಾಲಾ ಲ್ಯಾಬಿಗೆ ಟರ್ಮಿನಲ್ ಸರ್ವರ್ರೇ ಬೇಡ, ಅಲ್ಲಿ ನೆಟ್‌ಬೂಟ್ ಬೇಕು, ಅಂದರೆ ಪ್ರತಿ ಕಂಪ್ಯೂಟರೂ ನೆಟ್‌ವರ್ಕ್‌ನಿಂದ ಸಿಸ್ಟಮ್ ಪಡೆದು ತನ್ನದೇ ಬಲದಲ್ಲಿ ಓಡುವ ವ್ಯವಸ್ಥೆ. ಇನ್ನು ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ಆಸೆ ಹುಟ್ಟಿಸಿದರೆ ಒಮ್ಮೆ ಆನ್ ಮಾಡಿ ಪಕ್ಕದಲ್ಲಿ ನಿಂತು ನೋಡಿ. ಪ್ರತ್ಯೇಕ ಕೋಣೆ ಇಲ್ಲದ ಆಫೀಸಿನಲ್ಲಿ ಅದರ ಫ್ಯಾನಿನ ಸದ್ದಿಗೆ ಫೋನಿನಲ್ಲಿ ಮಾತಾಡಲೂ ಆಗುವುದಿಲ್ಲ.

ಈಗ ಅಗ್ಗಕ್ಕೆ ಸಿಗುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್‌ಗಳಿಂದ ಮುಂದಕ್ಕೆ. ಹಾಗಾಗಿ ದೊಡ್ಡ ಕಂಪನಿಗಳು 6 ಮತ್ತು 7ನೇ ತಲೆಮಾರಿನ ಯಂತ್ರಗಳನ್ನೂ ಅದೇ ಕಾಲದ ಝಿಯಾನ್ ವರ್ಕ್‌ಸ್ಟೇಷನ್‌ಗಳನ್ನೂ ಹೊರಹಾಕುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ಪೇರಿಸಿಟ್ಟಿರುವುದು ಇವೇ. ಲಿನಕ್ಸ್ ಹಾಕುವವರಿಗೆ ಆ ನಿರ್ಬಂಧ ಲೆಕ್ಕಕ್ಕಿಲ್ಲ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಖಾಲಿ ಯಂತ್ರ ಕೊಂಡು ರ‍್ಯಾಮ್ ಆಮೇಲೆ ಹಾಕಿಸೋಣ ಎಂಬ ಹಳೆಯ ಲೆಕ್ಕಾಚಾರ ಈಗ ನಡೆಯುವುದಿಲ್ಲ. ರ‍್ಯಾಮ್ ಸಮೇತ ಬರುವ ಯಂತ್ರವನ್ನೇ ಹುಡುಕಿ, ಚೌಕಾಸಿಯನ್ನೂ ಅದರ ಮೇಲೇ ಮಾಡಿ.

ಯಂತ್ರದ ಒಳಗೆ

ಝಡ್440 ಒಂದೇ ಸಾಕೆಟ್‌ನ ಟವರ್. ಇಂಟೆಲ್ ಝಿಯಾನ್ ಇ5-1600 ಮತ್ತು ಇ5-2600 ಸರಣಿಯ ವಿ3, ವಿ4 ಪ್ರೊಸೆಸರ್‌ಗಳು ಕೂರುತ್ತವೆ. ಡಿಡಿಆರ್4 ರ‍್ಯಾಮ್‌ಗೆ 8 ಸ್ಲಾಟ್‌ಗಳಿವೆ, ಬೋರ್ಡ್‌ನಲ್ಲಿ ಇಂಟೆಲ್‌ನ ಗಿಗಾಬಿಟ್ ನೆಟ್‌ವರ್ಕ್ ಪೋರ್ಟ್ ಒಂದಿದೆ. ಪಕ್ಕದ ಮುಚ್ಚಳ ಸ್ಕ್ರೂಡ್ರೈವರ್ ಇಲ್ಲದೆ ಹಿಡಿ ಎಳೆದರೆ ಬಿಚ್ಚುತ್ತದೆ. ಧೂಳು ತೆಗೆಯುವವರಿಗೆ ಇದು ಸಣ್ಣ ಮಾತಲ್ಲ.

ಮಾರುಕಟ್ಟೆಯಲ್ಲಿ ಇದು ಮುಖ್ಯವಾಗಿ ಎರಡು ಬಗೆಯ ಪ್ರೊಸೆಸರ್‌ನೊಂದಿಗೆ ಸಿಗುತ್ತದೆ. ಇ5-1650 ವಿ4ನಲ್ಲಿ 6 ಕೋರ್, 12 ಥ್ರೆಡ್, ಮೂಲ ವೇಗ 3.6 ಗಿಗಾಹರ್ಟ್ಸ್. ಇ5-2680 ವಿ4ನಲ್ಲಿ 14 ಕೋರ್, 28 ಥ್ರೆಡ್, ಆದರೆ ಮೂಲ ವೇಗ 2.4 ಮಾತ್ರ. ಕೋರ್ ಎಣಿಸಿ ಎರಡನೆಯದಕ್ಕೆ ಮರುಳಾಗುವವರೇ ಹೆಚ್ಚು. ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುವುದು, ದೊಡ್ಡ ಸ್ಪ್ರೆಡ್‌ಶೀಟ್ ಮರುಲೆಕ್ಕ ಹಾಕುವುದು ಬಹುಪಾಲು ಒಂದೇ ಕೋರ್ ಮೇಲೆ ನಡೆಯುವ ಕೆಲಸ. ಅಲ್ಲಿ ಗೆಲ್ಲುವುದು ವೇಗ, ಸಂಖ್ಯೆಯಲ್ಲ. 12 ಸೀಟಿಗೆ 1650 ತೆಗೆದುಕೊಳ್ಳಿ. ಬೆಳಗ್ಗೆ ಹತ್ತಕ್ಕೆ ಹದಿನಾರು, ಹದಿನೆಂಟು ಜನ ಒಟ್ಟಿಗೇ ಲಾಗಿನ್ ಆಗುವ ಕಡೆ ಮಾತ್ರ 2680ಕ್ಕೆ ಅರ್ಥವಿದೆ. ವಿ3 ಯಂತ್ರ ಕೊಂಡು ಮುಂದೆ ವಿ4 ಪ್ರೊಸೆಸರ್ ಹಾಕುವ ಯೋಚನೆಯಿದ್ದರೆ ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಹಳೆಯ ಬಯಾಸ್‌ಗೆ ವಿ4ರ ಗುರುತೇ ಸಿಗುವುದಿಲ್ಲ, ತೆರೆ ಕಪ್ಪಾಗಿಯೇ ಇರುತ್ತದೆ, ತಪ್ಪು ಹೊಸ ಪ್ರೊಸೆಸರ್‌ನ ತಲೆಗೆ ಬರುತ್ತದೆ.

ರ‍್ಯಾಮ್ ವಿಷಯಕ್ಕೆ ಬಂದರೆ, ದುಡ್ಡು ಹೋಗುವುದೂ ಇಲ್ಲೇ, ತಪ್ಪಾಗುವುದೂ ಇಲ್ಲೇ. ಎಕ್ಸ್‌ಎಫ್‌ಸಿಇ (ಲಿನಕ್ಸ್‌ನ ಹಗುರ ಡೆಸ್ಕ್‌ಟಾಪ್), ಲಿಬ್ರೆ ಆಫೀಸ್, ಐದಾರು ಟ್ಯಾಬ್ ತೆರೆದ ಫೈರ್‌ಫಾಕ್ಸ್ ಇಟ್ಟುಕೊಂಡ ಒಬ್ಬ ಗುಮಾಸ್ತರಿಗೆ 1.5ರಿಂದ 2 ಜಿಬಿ ಹಿಡಿಯಿರಿ. ಸಿಸ್ಟಮ್‌ಗೆ 2 ಜಿಬಿ, ಡಿಸ್ಕ್ ಕ್ಯಾಶ್‌ಗೆ ಒಂದಿಷ್ಟು. 12 ಜನರಿಗೆ 26 ಜಿಬಿ ಮೇಲೆ ಉಸಿರಾಡಲು ಜಾಗ, ಅಂದರೆ 32 ಜಿಬಿ. 20 ಜನರಿಗೆ 64. ಈ ಲೆಕ್ಕ ತಪ್ಪಿದರೆ ಪ್ರೊಸೆಸರ್ ಎಷ್ಟೇ ಬಲವಾಗಿದ್ದರೂ ಸ್ವ್ಯಾಪ್ (ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸುವುದು) ಶುರುವಾಗಿ ಒಬ್ಬರ ಮೌಸ್ ನಿಂತರೆ ಎಲ್ಲರ ಮೌಸೂ ನಿಲ್ಲುತ್ತದೆ.

ಝಡ್440ಕ್ಕೆ ಬೇಕಿರುವುದು ಇಸಿಸಿ ರಿಜಿಸ್ಟರ್ಡ್ ರ‍್ಯಾಮ್, ಸರ್ವರ್‌ಗಳಿಂದ ಕಿತ್ತು ಮಾರುವಂಥದ್ದು. ಆಪ್ಟಿಪ್ಲೆಕ್ಸ್‌ಗೆ ಬೇಕಿರುವುದು ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್. ಎರಡೂ ಡಿಡಿಆರ್4, ಎರಡರ ಉದ್ದವೂ ಒಂದೇ, ಸ್ಲಾಟ್‌ನಲ್ಲಿ ಎರಡೂ ಕೂರುತ್ತವೆ. ಆದರೆ ಅದಲುಬದಲು ಮಾಡಿದರೆ ಯಂತ್ರ ಏಳುವುದಿಲ್ಲ. ಕಡ್ಡಿಯ ಚೀಟಿಯನ್ನು ಓದಿ. ಪಿಸಿ4-2400ಟಿ ಎಂಬ ವೇಗದ ಗುರುತಿನ ನಂತರದ ಅಡ್ಡಗೆರೆಯಾಚೆ ‘ಆರ್’ ಅಕ್ಷರವಿದ್ದರೆ ಅದು ರಿಜಿಸ್ಟರ್ಡ್, ‘ಯು’ ಇದ್ದರೆ ಡೆಸ್ಕ್‌ಟಾಪಿನದು. ಝಡ್440ರ ಮೆಮೊರಿ ನಾಲ್ಕು ಚಾನೆಲ್‌ಗಳಲ್ಲಿ ಓಡುತ್ತದೆ, ಆದ್ದರಿಂದ 32 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ನಾಲ್ಕು ಕಡ್ಡಿ ಉತ್ತಮ. ಒಂದೇ ಕಡ್ಡಿ ಹಾಕಿದರೆ ನಾಲ್ಕರಲ್ಲಿ ಮೂರು ದಾರಿ ಖಾಲಿ ಬಿದ್ದಿರುತ್ತವೆ.

ಯಂತ್ರದ ಜೊತೆ ಅಂಗಡಿಯವರು ಹಾಕಿಕೊಡುವ ಹೆಸರಿಲ್ಲದ ಎಸ್‌ಎಸ್‌ಡಿಯನ್ನು ನಂಬಿ ಹನ್ನೆರಡು ಜನರ ಕಡತ ಇಡಬೇಡಿ. ಅದನ್ನು ಬೇರೆ ಯಾವುದಕ್ಕಾದರೂ ಬಳಸಿ. ಹೆಸರಿರುವ ಕಂಪನಿಯ 500 ಜಿಬಿ ಸಾಟಾ ಎಸ್‌ಎಸ್‌ಡಿ ಎರಡು ಹೊಸದಾಗಿ ಕೊಂಡು ಲಿನಕ್ಸ್‌ನ ಎಂಡಿಎಡಿಎಂನಲ್ಲಿ ರೈಡ್-1 ಮಾಡಿ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರಲಿ. ಒಂದು ಸತ್ತರೂ ಆಫೀಸು ನಿಲ್ಲುವುದಿಲ್ಲ. ರೈಡ್ ಬ್ಯಾಕಪ್ ಅಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ: ಅಳಿಸಿದ ಕಡತ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. ಹೊರಗಿನ ಡಿಸ್ಕಿಗೆ ರಾತ್ರಿ ಬೋರ್ಗ್ ಅಥವಾ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಓಡಿಸಿ. ಬೋರ್ಡ್‌ನಲ್ಲಿ ಎಂ.2 ಸ್ಲಾಟ್ ಇಲ್ಲ. ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಬೇಕೆಂದರೆ ಪಿಸಿಐಇ ಅಡಾಪ್ಟರ್ ಕಾರ್ಡ್ ಹಾಕಬೇಕು, ಈ ಕೆಲಸಕ್ಕೆ ಅದರಿಂದ ಸಿಗುವ ಲಾಭ ಕಡಿಮೆ.

ದೂರುಗಳೂ ಇವೆ. ಈ ಝಿಯಾನ್‌ಗಳಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಯಾವುದಾದರೂ ಸಣ್ಣ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಕಾರ್ಡ್ ಕಿತ್ತುಕೊಂಡು ಮಾರುವವರಿದ್ದಾರೆ, ಕೇಳಿ ಖಚಿತಪಡಿಸಿಕೊಳ್ಳಿ. ಪವರ್ ಸಪ್ಲೈ ಎಚ್‌ಪಿಯದೇ ಆಕಾರದ್ದು, ಪಕ್ಕದ ಅಂಗಡಿಯ ಎಟಿಎಕ್ಸ್ ಸಪ್ಲೈ ಕೂರುವುದಿಲ್ಲ. ಸುಮ್ಮನೆ ಉರಿಯುವಾಗಲೂ ಆಪ್ಟಿಪ್ಲೆಕ್ಸ್‌ಗಿಂತ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ. ಎಂಟು ಸೀಟಿನವರಿಗೆ ಇದು ಬೇಡ ಎಂದದ್ದು ಅದಕ್ಕೇ. ಅವರಿಗೆ ಐ7-6700 ಅಥವಾ ಐ7-7700 ಇರುವ ಆಪ್ಟಿಪ್ಲೆಕ್ಸ್ 7050ರ ಸ್ಮಾಲ್ ಫಾರ್ಮ್ ಮಾದರಿ ಸರಿ: 4 ಕೋರ್, 8 ಥ್ರೆಡ್, ನಾಲ್ಕು ರ‍್ಯಾಮ್ ಸ್ಲಾಟ್. ಅದೇ ಹೆಸರಿನ ಮೈಕ್ರೋ ಮಾದರಿಯಲ್ಲಿ ಲ್ಯಾಪ್‌ಟಾಪ್ ರ‍್ಯಾಮ್‌ನ ಎರಡೇ ಸ್ಲಾಟ್ ಇರುವುದರಿಂದ ಅದನ್ನು ಬಿಡಿ.

ಸಾಫ್ಟ್‌ವೇರ್: ಅಗ್ಗ ದುಬಾರಿಯಾಗುವ ಜಾಗ

ವಿಂಡೋಸ್ ಸರ್ವರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ (ಆರ್‌ಡಿಎಸ್) ಹಾಕಿದರೆ ಕೆಲಸ ಅಚ್ಚುಕಟ್ಟು, ಬಿಲ್ಲೂ ಅಷ್ಟೇ ಭರ್ಜರಿ. ಸರ್ವರ್ ಲೈಸೆನ್ಸ್ ಒಂದು, ಪ್ರತಿ ಬಳಕೆದಾರರಿಗೆ ಸರ್ವರ್ ಕ್ಯಾಲ್ (ಬಳಸುವ ಪರವಾನಗಿ) ಒಂದು, ಅದರ ಮೇಲೆ ಆರ್‌ಡಿಎಸ್ ಕ್ಯಾಲ್ ಮತ್ತೊಂದು. ಕ್ಯಾಲ್ ಇಲ್ಲದೆಯೂ 120 ದಿನ ಓಡುತ್ತದೆ. ಮೋಸ ಹೋಗುವುದು ಇಲ್ಲಿಯೇ. ಹಾಕಿಕೊಟ್ಟವರು ಹಣ ಪಡೆದು ಹೋಗಿರುತ್ತಾರೆ, ನಾಲ್ಕು ತಿಂಗಳು ಎಲ್ಲ ಸರಿಯಿರುತ್ತದೆ, ಒಂದು ಬೆಳಗ್ಗೆ ಲೈಸೆನ್ಸ್ ಸರ್ವರ್ ಇಲ್ಲವೆಂದು ಯಾರನ್ನೂ ಒಳಗೆ ಬಿಡುವುದಿಲ್ಲ. ಕ್ಯಾಲ್‌ನ ಆವೃತ್ತಿಯನ್ನೂ ನೋಡಬೇಕು: 2022ರ ಕ್ಯಾಲ್ 2019ರ ಸರ್ವರ್‌ಗೆ ನಡೆಯುತ್ತದೆ, 2019ರ ಕ್ಯಾಲ್ 2022ರ ಸರ್ವರ್‌ಗೆ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಆಫೀಸಿನ ರಿಟೇಲ್ ಪ್ರತಿಯೂ ಇಂಥ ಸರ್ವರ್ ಮೇಲೆ ನಡೆಯುವಂಥದ್ದಲ್ಲ. ವಾಲ್ಯೂಮ್ ಲೈಸೆನ್ಸ್ ಬೇಕು, ಇಲ್ಲವೇ ಶೇರ್ಡ್ ಕಂಪ್ಯೂಟರ್ ಆಕ್ಟಿವೇಷನ್ ಇರುವ 365 ಯೋಜನೆ ಬೇಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ‘ಒರಿಜಿನಲ್ ಕೀ’ಗಳ ಬಗ್ಗೆ ಕಾಸಿಗೆ ತಕ್ಕ ಕಜ್ಜಾಯ ಅನ್ನುವುದಷ್ಟೇ ಉಳಿದಿದೆ.

ವಿಂಡೋಸ್ 10 ಅಥವಾ 11 ಪ್ರೊ ಮೇಲೆ ರ‍್ಯಾಪರ್ ಎಂಬ ಹೊರಗಿನ ತಂತ್ರಾಂಶ ಹಾಕಿ ಹಲವರನ್ನು ಒಳಗೆ ಬಿಡುವ ಉಪಾಯವೂ ಚಾಲ್ತಿಯಲ್ಲಿದೆ. ಡೆಸ್ಕ್‌ಟಾಪ್ ವಿಂಡೋಸ್‌ನ ಲೈಸೆನ್ಸ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಕಾನೂನಿನ ಮಾತು ಬಿಟ್ಟರೂ, ವಿಂಡೋಸ್ ಅಪ್‌ಡೇಟ್ ಟರ್ಮಿನಲ್ ಸರ್ವಿಸ್‌ನ ಕಡತ ಬದಲಿಸಿದಾಗಲೆಲ್ಲ ರ‍್ಯಾಪರ್ ಕೈಕೊಡುತ್ತದೆ. ಆಗ ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ, ನೆಟ್‌ವರ್ಕ್‌ನ ಎಲ್ಲ ಕಡತವಿರುವ ಯಂತ್ರ ತೂತು ಮುಚ್ಚದೆ ಓಡುತ್ತದೆ. ಇದನ್ನು ನಾವು ಯಾರಿಗೂ ಹೇಳುವುದಿಲ್ಲ.

ಟ್ಯಾಲಿ ಬಿಟ್ಟರೆ ಗತಿಯಿಲ್ಲ ಎನ್ನುವ ಆಫೀಸು ವಿಂಡೋಸ್ ಸರ್ವರ್‌ನ ಖರ್ಚನ್ನು ಒಪ್ಪಿಕೊಳ್ಳುವುದೇ ವಾಸಿ. ಹಲವರು ಒಟ್ಟಿಗೆ ತೆರೆಯಲು ಟ್ಯಾಲಿಯದ್ದೂ ಗೋಲ್ಡ್ ಲೈಸೆನ್ಸ್ ಬೇಕು, ಸಿಲ್ವರ್ ಒಬ್ಬರಿಗೆ. ಉಳಿದವರಿಗೆ, ಅಂದರೆ ಬ್ರೌಸರ್‌ನಲ್ಲಿ ನಡೆಯುವ ಪೋರ್ಟಲ್ ಕೆಲಸ, ಪತ್ರ, ಪಟ್ಟಿ, ಪಿಡಿಎಫ್ ಇಷ್ಟರಲ್ಲಿ ದಿನ ಕಳೆಯುವವರಿಗೆ, ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಮೇಲೆ ಎಕ್ಸ್‌ಆರ್‌ಡಿಪಿ ಸಾಕು; ಲಿನಕ್ಸ್ ಡೆಸ್ಕ್‌ಟಾಪನ್ನು ಬೇರೆ ಯಂತ್ರದಿಂದ ತೆರೆದು ಬಳಸಲು ಬಿಡುವ ತಂತ್ರಾಂಶ ಇದು.

ಡೆಬಿಯನ್‌ನಲ್ಲಿ ಅದನ್ನು ಹಾಕುವುದು ಹೀಗೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆರಿಸಿ ಸಿಸ್ಟಮ್ ಹಾಕಿ. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬೇಡ: ಅದು ಎಕ್ಸ್11 ಎಂಬ ಹಳೆಯ ತೆರೆ ವ್ಯವಸ್ಥೆಯನ್ನು ಬಿಡುತ್ತಿದೆ, ಎಕ್ಸ್‌ಆರ್‌ಡಿಪಿ ನಿಂತಿರುವುದು ಅದರ ಮೇಲೆಯೇ, ಸಾಲದ್ದಕ್ಕೆ ಗ್ನೋಮ್‌ಗೆ ರ‍್ಯಾಮ್ ಹೆಚ್ಚು. ಎಕ್ಸ್‌ಆರ್‌ಡಿಪಿ ಮತ್ತು ಎಕ್ಸ್‌ಆರ್ಗ್‌ಎಕ್ಸ್‌ಆರ್‌ಡಿಪಿ ಎರಡು ಪ್ಯಾಕೇಜ್ ಹಾಕಿ. ಎಕ್ಸ್‌ಆರ್‌ಡಿಪಿ ಎಂಬ ಸಿಸ್ಟಮ್ ಬಳಕೆದಾರನನ್ನು ಎಸ್‌ಎಸ್‌ಎಲ್-ಸರ್ಟ್ ಗುಂಪಿಗೆ ಸೇರಿಸಿ, ಇಲ್ಲದಿದ್ದರೆ ಸರ್ಟಿಫಿಕೇಟಿನ ಕೀ ಓದಲಾಗದೆ ಸುರಕ್ಷಿತ ಸಂಪರ್ಕ ಕೂಡುವುದಿಲ್ಲ. ಎಕ್ಸ್‌ಆರ್‌ಡಿಪಿಯ ಸೆಷನ್‌ಗಳನ್ನು ನೋಡಿಕೊಳ್ಳುವ ಸೆಸ್‌ಮ್ಯಾನ್‌ನ ಸಂರಚನಾ ಕಡತದಲ್ಲಿ ಕಿಲ್‌ಡಿಸ್ಕನೆಕ್ಟೆಡ್ ಅನ್ನು ಟ್ರೂ ಮಾಡಿ, ಡಿಸ್ಕನೆಕ್ಟೆಡ್‌ಟೈಮ್‌ಲಿಮಿಟ್‌ಗೆ 3600 ಕೊಡಿ. ಹೀಗೆ ಮಾಡದಿದ್ದರೆ ಲಾಗೌಟ್ ಮಾಡದೆ ಕಿಟಕಿ ಮುಚ್ಚಿ ಮನೆಗೆ ಹೋದವರ ಬ್ರೌಸರ್‌ಗಳು ವಾರಗಟ್ಟಲೆ ರ‍್ಯಾಮ್ ಹಿಡಿದುಕೊಂಡು ಕೂತಿರುತ್ತವೆ. ಒಂದು ಗಂಟೆಯ ಮಿತಿ ಇದೆ, ಉಳಿಸದ ಕಡತ ಹೋಗುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ. ಊಟದ ಹೊತ್ತಿಗಿಂತ ಕಡಿಮೆ ಇಟ್ಟರೆ ಜಗಳ ಗ್ಯಾರಂಟಿ.

ಅದಕ್ಕಿಂತ ಮುಖ್ಯವಾದುದು ಒಬ್ಬೊಬ್ಬರಿಗೂ ರ‍್ಯಾಮ್ ಮಿತಿ ಕಟ್ಟುವುದು, ಇದನ್ನು ಮಾಡುವವರು ಕಡಿಮೆ. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ತಂತ್ರಾಂಶ) ಎಲ್ಲ ಬಳಕೆದಾರರಿಗೂ ಅನ್ವಯಿಸುವ ‘ಯೂಸರ್-.ಸ್ಲೈಸ್.ಡಿ’ ಎಂಬ ಫೋಲ್ಡರ್ ಮಾಡಿ, ಅದರೊಳಗಿನ ಸಣ್ಣ ಕಡತದಲ್ಲಿ ಮೆಮೊರಿಹೈ 3 ಜಿಬಿ, ಮೆಮೊರಿಮ್ಯಾಕ್ಸ್ 4 ಜಿಬಿ ಎಂದು ಬರೆಯಿರಿ. ನಲವತ್ತು ಟ್ಯಾಬ್ ತೆರೆದವರ ಬ್ರೌಸರ್ ಅವರ ಮಿತಿಯೊಳಗೇ ಒದ್ದಾಡುತ್ತದೆ, ಪಕ್ಕದ ಮೇಜಿನವರಿಗೆ ತಿಳಿಯುವುದೂ ಇಲ್ಲ. ರ‍್ಯಾಮ್‌ನಲ್ಲಿರುವುದನ್ನು ಕುಗ್ಗಿಸಿಡುವ ಝಡ್‌ರ‍್ಯಾಮ್ ಕೂಡ ಆನ್ ಮಾಡಿ, 32 ಜಿಬಿ ಯಂತ್ರ ಒತ್ತಡದ ಹೊತ್ತಿನಲ್ಲಿ ಇನ್ನಷ್ಟು ತಾಳುತ್ತದೆ.

ಪ್ರತಿ ಒಬ್ಬರಿಗೂ ಪ್ರತ್ಯೇಕ ಲಾಗಿನ್ ಕಡ್ಡಾಯ. ‘ಆಫೀಸ್’ ಎಂಬ ಒಂದೇ ಹೆಸರನ್ನು ನಾಲ್ವರು ಬಳಸಿದರೆ ಎರಡನೆಯವರು ಒಳಗೆ ಬಂದ ಕೂಡಲೇ ಮೊದಲಿನವರ ತೆರೆ ಅವರಿಗೆ ಹೋಗುತ್ತದೆ, ಮೊದಲಿನವರು ಹೊರಗೆ. ಸರ್ವರ್‌ನ ಮುಂದೆಯೇ ಕೂತು ಲಾಗಿನ್ ಆದ ವ್ಯಕ್ತಿ ಅದೇ ಹೆಸರಿನಲ್ಲಿ ದೂರದಿಂದಲೂ ಬರಲು ನೋಡಿದರೆ ಸಾಮಾನ್ಯವಾಗಿ ಕಪ್ಪು ತೆರೆ ಸಿಗುತ್ತದೆ. ಇದು ಎಕ್ಸ್‌ಆರ್‌ಡಿಪಿ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು, ಪರಿಹಾರ ಮಾತ್ರ ಸರ್ವರ್‌ನಲ್ಲಿ ಲಾಗೌಟ್ ಮಾಡುವುದು ಅಷ್ಟೇ. ಲಾಗಿನ್ ಆದೊಡನೆ ಕಲರ್ ಮ್ಯಾನೇಜ್ಡ್ ಡಿವೈಸ್‌ಗಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುವ ಕಿಟಕಿ ಬಂದರೆ ಪೋಲ್‌ಕಿಟ್‌ನಲ್ಲಿ ಅದಕ್ಕೊಂದು ಅನುಮತಿ ನಿಯಮ ಬರೆದು ಮುಗಿಸಿ. ಧ್ವನಿ ತಾನಾಗಿ ಬರುವುದಿಲ್ಲ, ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್‌ನ ಎಕ್ಸ್‌ಆರ್‌ಡಿಪಿ ಮಾಡ್ಯೂಲ್ ಬೇರೆ ಹಾಕಬೇಕು.

ಉಬುಂಟುವಿಗಿಂತ ಡೆಬಿಯನ್ ಅಥವಾ ಮಿಂಟ್ ಎಂದದ್ದು ಫೈರ್‌ಫಾಕ್ಸ್ ಕಾರಣಕ್ಕೆ. ಉಬುಂಟುವಿನಲ್ಲಿ ಅದು ಸ್ನ್ಯಾಪ್ ಎಂಬ ಪ್ರತ್ಯೇಕ ಪೊಟ್ಟಣವಾಗಿ ಬರುತ್ತದೆ, ದೂರದ ಸೆಷನ್‌ಗಳಲ್ಲೂ ನೆಟ್‌ಬೂಟ್‌ನಲ್ಲೂ ಸ್ನ್ಯಾಪ್ ತಕರಾರು ತೆಗೆಯುತ್ತದೆ.

ಕನ್ನಡದ ಕೆಲಸ ನಡೆಯುವ ಕಚೇರಿಯಲ್ಲಿ ಎರಡು ವಿಷಯ ನೋಡಿಕೊಳ್ಳಿ. ಯೂನಿಕೋಡ್ ಬರವಣಿಗೆಗೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿದರೆ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಕೈ ಪಳಗಿದವರಿಗೆ ತೊಂದರೆಯಿಲ್ಲ. ಆದರೆ ಎಕ್ಸ್‌ಆರ್‌ಡಿಪಿ ಸೆಷನ್‌ನಲ್ಲಿ ಐಬಸ್ ತಾನೇ ಏಳದಿರಬಹುದು. ಬಳಕೆದಾರರ ಎಕ್ಸ್‌ಸೆಷನ್ ಕಡತದಲ್ಲಿ ಜಿಟಿಕೆ, ಕ್ಯೂಟಿ ಎರಡಕ್ಕೂ ಐಬಸ್ ಎಂದು ಸೂಚಿಸಿ, ಐಬಸ್ ಡೀಮನ್ ಶುರುಮಾಡುವ ಸಾಲನ್ನು ಡೆಸ್ಕ್‌ಟಾಪ್ ಏಳುವ ಸಾಲಿಗಿಂತ ಮೇಲೆ ಬರೆಯಬೇಕು. ಕೆಳಗೆ ಬರೆದರೆ ಆ ಸಾಲಿಗೆ ಸರದಿ ಬರುವುದು ಲಾಗೌಟ್ ಆದ ಮೇಲೆ. ಎರಡನೆಯದು ಹಳೆಯ ಕಡತಗಳು. ಆಸ್ಕಿ (ಯೂನಿಕೋಡ್‌ಗಿಂತ ಹಳೆಯ) ನುಡಿ ಫಾಂಟಿನಲ್ಲಿ ಟೈಪಾದ ವರ್ಷಗಟ್ಟಲೆಯ ನಡಾವಳಿ, ನೋಟಿಸುಗಳು ಲಿನಕ್ಸ್‌ನಲ್ಲಿ ಫಾಂಟ್ ಇಲ್ಲದೆ ಲ್ಯಾಟಿನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿದರೆ ಪಠ್ಯ ಬರುತ್ತದೆ, ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಸರ್ವರ್ ಬದಲಿಸುವ ವಾರಕ್ಕಿಂತ ಮೊದಲೇ ಈ ಕೆಲಸ ಮುಗಿದಿರಬೇಕು.

ಮೇಜಿನ ಮೇಲಿನ ಡಬ್ಬಿ

ಎಕ್ಸ್‌ಆರ್‌ಡಿಪಿಗೆ ಕ್ಲೈಂಟ್ ಎಷ್ಟು ಬಡಪಾಯಿಯಾದರೂ ನಡೆಯುತ್ತದೆ. ಡೆಲ್ ವೈಸ್ 3040 ಅಂಗೈಯಗಲದ ಪೆಟ್ಟಿಗೆ, ಫ್ಯಾನ್ ಇಲ್ಲ, ಕರೆಂಟ್ ಐದಾರು ವ್ಯಾಟ್. 2 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸಲಾಗದು. ಸಣ್ಣ ಡೆಬಿಯನ್ ಹಾಕಿ ಏಳುತ್ತಲೇ ಸರ್ವರ್‌ಗೆ ಜೋಡಿಸುವ ಫ್ರೀಆರ್‌ಡಿಪಿ ತೆರೆಯುವಂತೆ ಮಾಡಿದರೆ ಅದರ ಕೆಲಸ ಮುಗಿಯಿತು. ಕೊಳ್ಳುವಾಗ ಅಡಾಪ್ಟರ್ ನೋಡಿ: ಇದರಲ್ಲಿ 5 ವೋಲ್ಟಿನದೂ ಇದೆ, 12 ವೋಲ್ಟಿನದೂ ಇದೆ, ಅಡಾಪ್ಟರ್ ಇಲ್ಲದೆ ಕೊಟ್ಟರೆ ಬೇಡ. ತೆರೆಗೆ ಇರುವುದು ಡಿಸ್ಪ್ಲೇಪೋರ್ಟ್ ಮಾತ್ರ, ಹಳೆಯ ವಿಜಿಎ ಮಾನಿಟರ್ ಉಳಿಸಿಕೊಳ್ಳುವವರು ಪ್ರತಿ ಸೀಟಿಗೂ ಕನ್ವರ್ಟರ್‌ನ ದುಡ್ಡನ್ನು ಲೆಕ್ಕಕ್ಕೆ ಸೇರಿಸಿ. ಬಯಾಸ್ ಪಾಸ್‌ವರ್ಡ್ ಕೇಳಿದರೆ ವೈಸ್ ಯಂತ್ರಗಳ ಮೂಲ ಪಾಸ್‌ವರ್ಡ್ ಫೈರ್‌ಪೋರ್ಟ್, ಮೊದಲಕ್ಷರ ದೊಡ್ಡದು. ಹಿಂದಿನ ಕಂಪನಿ ಬದಲಿಸಿದ್ದರೆ ಅದು ಅಂಗಡಿಯವರ ತಲೆನೋವಾಗಲಿ, ನಿಮ್ಮದಾಗುವುದು ಬೇಡ.

ಸ್ವಲ್ಪ ಹೆಚ್ಚು ಕೊಡಲು ಸಿದ್ಧರಿದ್ದರೆ ಎಚ್‌ಪಿ ಟಿ630. ನಾಲ್ಕು ಕೋರ್, ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್‌ನ ಎರಡು ಸ್ಲಾಟ್, ಇದಕ್ಕೂ ಫ್ಯಾನ್ ಇಲ್ಲ. ಮುಂದೊಂದು ದಿನ ನೆಟ್‌ಬೂಟ್‌ಗೆ ಹೋಗುವ ಯೋಚನೆ ಇದ್ದರೆ ಈಗಲೇ ಇದನ್ನು ಕೊಳ್ಳಿ.

ಎನ್‌ಕಂಪ್ಯೂಟಿಂಗ್‌ನ ಎಲ್300 ಡಬ್ಬಿಗಳು ಶಾಲೆಗಳಿಂದ ಹೊರಬಿದ್ದು ರಾಶಿ ರಾಶಿ ಸಿಗುತ್ತವೆ. ಅವು ತಮ್ಮದೇ ವಿಸ್ಪೇಸ್ ತಂತ್ರಾಂಶದ ಜೊತೆ ಮಾತ್ರ ಮಾತಾಡುತ್ತವೆ, ಎಕ್ಸ್‌ಆರ್‌ಡಿಪಿಗೆ ಕನೆಕ್ಟ್ ಆಗುವುದಿಲ್ಲ. ಬಿಟ್ಟಿ ಕೊಟ್ಟರೂ ಬೇಡ.

ಹನ್ನೆರಡು ಹಳೆಯ ಡೆಸ್ಕ್‌ಟಾಪ್‌ಗಳು ತಲಾ 50 ವ್ಯಾಟ್ ಎಂದರೆ 600 ವ್ಯಾಟ್. ಟಿ630 ತಲಾ 10, ಸರ್ವರ್‌ಗೆ 100 ಹಿಡಿದರೆ 220. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನದಂತೆ 120 ಯೂನಿಟ್ ಜಾಗದಲ್ಲಿ 44. ಉಳಿತಾಯ ದೊಡ್ಡದೇನಲ್ಲ. ನಿಜವಾದ ಲಾಭ ಯುಪಿಎಸ್‌ನದು. ಕರೆಂಟ್ ಹೋದರೆ ಮೇಜಿನ ಡಬ್ಬಿ ಆರಿಹೋಗಲಿ, ಸರ್ವರ್ ಮತ್ತು ನೆಟ್‌ವರ್ಕ್ ಸ್ವಿಚ್ ಉಳಿದರೆ ಯಾರ ಕಡತವೂ ಹೋಗುವುದಿಲ್ಲ. ಕರೆಂಟ್ ಬಂದ ಮೇಲೆ ಅದೇ ಸಾಲಿನಿಂದ ಮುಂದುವರಿಸಬಹುದು. ಹನ್ನೆರಡು ಯುಪಿಎಸ್‌ನ ಬದಲು 1 ಕೆವಿಎಯ ಒಂದು ಲೈನ್ ಇಂಟರಾಕ್ಟಿವ್ ಯುಪಿಎಸ್ ಸಾಕು. ಯುಎಸ್‌ಬಿ ಪೋರ್ಟ್ ಇರುವುದನ್ನೇ ತೆಗೆದುಕೊಂಡು ನಟ್ ತಂತ್ರಾಂಶಕ್ಕೆ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿ ಶಟ್‌ಡೌನ್ ಆಗಲಿ. ಮೇಲೆ ಹೇಳಿದ ಒಂದು ಗಂಟೆಯ ಮಿತಿ ಇಲ್ಲಿಗೂ ಅನ್ವಯಿಸುತ್ತದೆ. ಕರೆಂಟ್ ಅದಕ್ಕಿಂತ ಹೆಚ್ಚು ಹೊತ್ತು ಹೋಗುವ ಊರಲ್ಲಿ ಮಿತಿಯನ್ನು ಏರಿಸಿ.

ಕೇಬಲ್

ಸರ್ವರ್ ನಿಧಾನ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಕೇಬಲ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಕ್ಯಾಟ್6 ಹೆಸರಿನಲ್ಲೇ ಮಾರಾಟವಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಪೆಟ್ಟಿಗೆಯೂ ತೀರಾ ಹಗುರ. ಎಂಟು ತಂತಿಗಳಲ್ಲಿ 1, 2, 3, 6 ಮಾತ್ರ ತುದಿಯ ಪ್ಲಗ್‌ಗೆ ಸರಿಯಾಗಿ ಕ್ರಿಂಪ್ ಆಗಿದ್ದರೂ (ಒತ್ತಿ ಕೂಡಿಸಿದ್ದರೂ) ನೆಟ್‌ವರ್ಕ್ ನಡೆಯುತ್ತದೆ, 100 ಮೆಗಾಬಿಟ್‌ನಲ್ಲಿ. ದೀಪ ಉರಿಯುತ್ತಿದೆ, ಇಂಟರ್‌ನೆಟ್ ಬರುತ್ತಿದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪ್ರತಿ ಯಂತ್ರದಲ್ಲಿ ಈಥ್‌ಟೂಲ್ ಆದೇಶ ಓಡಿಸಿ ವೇಗದ ಸಾಲಿನಲ್ಲಿ 1000 ಬರುತ್ತದೆಯೇ ನೋಡಿ, 100 ಬಂದರೆ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ. ಸ್ವಿಚ್‌ಗೆ ಟಿಪಿ-ಲಿಂಕ್ ಅಥವಾ ಡಿ-ಲಿಂಕ್‌ನ 16 ಪೋರ್ಟ್ ಗಿಗಾಬಿಟ್ ಅನ್‌ಮ್ಯಾನೇಜ್ಡ್ ಸಾಕು. ಮೂಲೆಯಲ್ಲಿ ಮರೆತು ಹೋದ ಹಳೆಯ 100 ಮೆಗಾಬಿಟ್‌ನ ಐದು ಪೋರ್ಟಿನ ಸ್ವಿಚ್ ನಡುವೆ ಸೇರಿಕೊಂಡಿಲ್ಲ ಎಂಬುದನ್ನು ಗೋಡೆಯುದ್ದಕ್ಕೂ ನಡೆದು ಖಾತ್ರಿ ಮಾಡಿಕೊಳ್ಳಿ.

ಶಾಲೆಗೆ: ಎಲ್‌ಟಿಎಸ್‌ಪಿ

ಎಕ್ಸ್‌ಆರ್‌ಡಿಪಿಯಲ್ಲಿ ವಿಡಿಯೊ ಎಂದರೆ ಸರ್ವರ್‌ನ ಪ್ರೊಸೆಸರ್ ಪ್ರತಿ ಚಿತ್ರವನ್ನೂ ಬಿಡಿಸಿ, ಮತ್ತೆ ಕುಗ್ಗಿಸಿ, ತಂತಿಯಲ್ಲಿ ಕಳಿಸಬೇಕು. ಇಪ್ಪತ್ತು ಮಕ್ಕಳು ದೀಕ್ಷಾ ತಾಣದ ಪಾಠ ಒಟ್ಟಿಗೆ ತೆರೆದರೆ ಝಡ್440 ಕೂಡ ಏದುಸಿರು ಬಿಡುತ್ತದೆ. ಶಾಲೆಗೆ ಸರಿಹೊಂದುವುದು ನೆಟ್‌ಬೂಟ್ ಮಾಡಿಸುವ ಎಲ್‌ಟಿಎಸ್‌ಪಿ ತಂತ್ರಾಂಶ. 1999ರಲ್ಲಿ ಶುರುವಾದ ಈ ಯೋಜನೆಯನ್ನು 2019ರಲ್ಲಿ ಪೂರ್ತಿ ಹೊಸದಾಗಿ ಬರೆಯಲಾಯಿತು. ಹಳೆಯದರಲ್ಲಿ ಕೆಲಸವೆಲ್ಲ ಸರ್ವರ್ ಮೇಲೆ ನಡೆಯಬಹುದಿತ್ತು, ಹೊಸದರಲ್ಲಿ ಕ್ಲೈಂಟ್ ನೆಟ್‌ವರ್ಕ್‌ನಿಂದ ಬೂಟ್ ಆಗಿ ತನ್ನದೇ ಪ್ರೊಸೆಸರ್, ತನ್ನದೇ ರ‍್ಯಾಮ್‌ನಲ್ಲಿ ಓಡುತ್ತದೆ. ಮೂವತ್ತು ಸೀಟಿಗೆ ಎಷ್ಟು ದೊಡ್ಡ ಸರ್ವರ್ ಬೇಕು ಎಂದು ಹಳೆಯ ಪುಟಗಳಲ್ಲಿ ಸಿಗುವ ಉತ್ತರಗಳೆಲ್ಲ ಈಗ ನಿರುಪಯೋಗಿ. 8 ಜಿಬಿಯ ಆಪ್ಟಿಪ್ಲೆಕ್ಸ್ ಒಂದು ಸಾಕು, ಬಲ ಬೇಕಿರುವುದು ಕ್ಲೈಂಟ್‌ಗೆ: 2 ಜಿಬಿಯಲ್ಲಿ ಏಳುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಡಿಸ್ಕ್ ಕೆಟ್ಟ ಹಳೆಯ ಕಂಪ್ಯೂಟರ್‌ಗಳನ್ನೂ ಹೀಗೆ ಬಳಸಬಹುದು.

ಸರ್ವರ್‌ನಲ್ಲಿ ಬೇಕಾದದ್ದೆಲ್ಲ ಹಾಕಿ ಇಮೇಜ್ ಆದೇಶ ಕೊಟ್ಟರೆ ಆ ಸಿಸ್ಟಮ್ಮೇ ಕುಗ್ಗಿ ಎಲ್ಲರೂ ಬೂಟ್ ಮಾಡುವ ಒಂದು ಕಡತವಾಗುತ್ತದೆ. ಅಪ್‌ಡೇಟ್ ಮಾಡಿದ ಮೇಲೆ ಇಮೇಜ್ ಮತ್ತೆ ಕಟ್ಟುವುದನ್ನು ಮರೆತು, ಹಾಕಿದ ತಂತ್ರಾಂಶ ಮಕ್ಕಳಿಗೆ ಕಾಣುತ್ತಿಲ್ಲ ಎಂದು ಹುಡುಕಾಡುವುದು ಸಾಮಾನ್ಯ. ಕ್ಲೈಂಟ್ ಏಳದಿದ್ದರೆ ತೆರೆಯ ಸಂಕೇತ ಓದಿ. ಪಿಎಕ್ಸ್‌ಇ-ಇ51 ಎಂದರೆ ಡಿಎಚ್‌ಸಿಪಿ (ನೆಟ್‌ವರ್ಕ್ ವಿಳಾಸ ಕೊಡುವ ಸೇವೆ) ಉತ್ತರವೇ ಬರಲಿಲ್ಲ, ಕೇಬಲ್ ಅಥವಾ ಸ್ವಿಚ್ ನೋಡಿ. ಇ53 ಎಂದರೆ ವಿಳಾಸ ಸಿಕ್ಕಿತು, ಬೂಟ್ ಕಡತದ ಹೆಸರು ಸಿಗಲಿಲ್ಲ, ಅದನ್ನು ತಿಳಿಸುವ ಸರ್ವರ್‌ನ ಡಿಎನ್‌ಎಸ್‌ಮಾಸ್ಕ್ ಓಡುತ್ತಿಲ್ಲ. ಇ32 ಎಂದರೆ ಟಿಎಫ್‌ಟಿಪಿ (ಬೂಟ್ ಕಡತ ಕಳಿಸುವ ಸೇವೆ) ಉತ್ತರಿಸುತ್ತಿಲ್ಲ, ಹೆಚ್ಚಾಗಿ ಫೈರ್‌ವಾಲ್ ಅಡ್ಡಿ. ಸೆಕ್ಯೂರ್ ಬೂಟ್ ಆಫ್ ಇರಲಿ. ಮ್ಯಾನೇಜ್ಡ್ ಸ್ವಿಚ್ ಇದ್ದರೆ ಸ್ಪ್ಯಾನಿಂಗ್ ಟ್ರೀ ಪ್ರತಿ ಪೋರ್ಟನ್ನು ಸುಮಾರು 30 ಸೆಕೆಂಡು ತಡೆಹಿಡಿಯುತ್ತದೆ, ಅಷ್ಟರಲ್ಲಿ ಕ್ಲೈಂಟ್ ಸೋತು ಕೈಚೆಲ್ಲಿರುತ್ತದೆ. ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಆನ್ ಮಾಡಿ. ವೈಫೈ ಮೇಲೆ ಇದನ್ನು ನಡೆಸುವ ಆಲೋಚನೆ ಬಿಡಿ. ಜೊತೆಗೆ ಎಪೋಪ್ಟಿಸ್ ಹಾಕಿದರೆ ಮೇಷ್ಟ್ರು ತಮ್ಮ ಜಾಗದಿಂದಲೇ ಎಲ್ಲರ ತೆರೆ ನೋಡಬಹುದು, ತಮ್ಮದನ್ನು ಎಲ್ಲರಿಗೂ ತೋರಿಸಬಹುದು.

ಪ್ರಿಂಟರ್, ಡಿಎಸ್‌ಸಿ, ಹೊರಗಿನ ಬಾಗಿಲು

ನೆಟ್‌ವರ್ಕ್ ಪೋರ್ಟ್ ಇರುವ ಪ್ರಿಂಟರ್‌ಗೆ ತೊಂದರೆಯಿಲ್ಲ. ವಿಂಡೋಸ್ ಸರ್ವರ್‌ನವರಿಗೆ ಟಿವಿಎಸ್ ಎಂಎಸ್‌ಪಿ 250ನಂಥ ಡಾಟ್ ಮ್ಯಾಟ್ರಿಕ್ಸ್ ಕಾಡುತ್ತದೆ: ದೂರದ ಪ್ರಿಂಟಿಂಗ್‌ಗೆ ವಿಂಡೋಸ್ ಬಳಸುವ ಈಸಿ ಪ್ರಿಂಟ್ ಮೂಲಕ ಹೋದರೆ ಅಕ್ಷರಗಳನ್ನೂ ಚಿತ್ರವಾಗಿ ಹೊಡೆಯುತ್ತದೆ, ಒಂದು ರಸೀದಿಗೆ ನಿಮಿಷಗಟ್ಟಲೆ. ಸರ್ವರ್‌ನಲ್ಲೇ ಅದರ ಡ್ರೈವರ್ ಹಾಕಿ ಈಸಿ ಪ್ರಿಂಟ್ ಆದ್ಯತೆಯನ್ನು ತೆಗೆಯಿರಿ.

ಟೆಂಡರ್, ಜಿಎಸ್‌ಟಿಗೆ ಬೇಕಾದ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಸರ್ವರ್‌ಗೇ ಚುಚ್ಚಿದರೆ ವಿಂಡೋಸ್‌ನ ದೂರದ ಸೆಷನ್‌ನಲ್ಲಿ ಕಾಣುವುದಿಲ್ಲ. ಸ್ಮಾರ್ಟ್ ಕಾರ್ಡನ್ನು ಅದು ಕ್ಲೈಂಟ್ ಕಡೆಯಿಂದ ಮಾತ್ರ ಹುಡುಕುತ್ತದೆ. ಎಕ್ಸ್‌ಆರ್‌ಡಿಪಿಯಲ್ಲಿ ಇನ್ನೂ ಕಷ್ಟ. ಸಹಿ ಹಾಕುವ ಕೆಲಸಕ್ಕೆ ಒಂದು ಪೂರ್ಣ ಕಂಪ್ಯೂಟರ್ ಪಕ್ಕದಲ್ಲಿ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ.

ಮನೆಯಿಂದ ಕೆಲಸ ಮಾಡಲು ರೂಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು) ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲಿರುಳೂ ಆ ಪೋರ್ಟನ್ನೇ ಹುಡುಕುತ್ತಿರುತ್ತವೆ, ರ‍್ಯಾನ್ಸಮ್‌ವೇರ್ ಒಳಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ವೈರ್‌ಗಾರ್ಡ್ ವಿಪಿಎನ್ ಹಾಕಿ, ಅದರೊಳಗಿಂದ ಬರಲಿ.

ಅಂಗಡಿಯಲ್ಲಿ

ಲಿನಕ್ಸ್ ಇರುವ ಪೆನ್ ಡ್ರೈವ್ ಒಂದು, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಇರುವುದು ಇನ್ನೊಂದು ಜೇಬಿನಲ್ಲಿರಲಿ. ಯಂತ್ರದಲ್ಲಿ ಡಿಸ್ಕ್ ಇದ್ದರೆ ಸ್ಮಾರ್ಟ್‌ಸಿಟಿಎಲ್ ಆದೇಶದಲ್ಲಿ ಓಡಿದ ಗಂಟೆ, ರೀಅಲೊಕೇಟೆಡ್ ಸೆಕ್ಟರ್ (ಡಿಸ್ಕಿನ ಕೆಟ್ಟ ಜಾಗ) ನೋಡಿ. ಎಂಟೂ ರ‍್ಯಾಮ್ ಸ್ಲಾಟ್‌ಗಳಲ್ಲಿ ಒಂದೇ ಕಡ್ಡಿಗುಂಪನ್ನು ಬದಲಿಸಿ ಹಾಕಿ ಪರೀಕ್ಷಿಸಿ, ಸತ್ತ ಸ್ಲಾಟ್ ಮಾರುವವರಿಗೂ ಗೊತ್ತಿರುವುದಿಲ್ಲ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಆನ್ ಮಾಡಿ: ದಿನಾಂಕ ಹಿಂದೆ ಹೋಗಿದ್ದರೆ ಸಿಆರ್2032 ಬ್ಯಾಟರಿ ಮುಗಿದಿದೆ. ಬದಲಿಸದಿದ್ದರೆ ಒಂದು ದಿನ ತಪ್ಪು ದಿನಾಂಕದಿಂದಾಗಿ ಬ್ರೌಸರ್‌ಗಳು ಯಾವ ಪೋರ್ಟಲ್ಲನ್ನೂ ತೆರೆಯುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ‘ಟೆಸ್ಟಿಂಗ್ ವಾರಂಟಿ’ ಎಂದರೆ ಎಷ್ಟು ದಿನ ಎಂಬುದನ್ನೂ ಬರೆಸಿ.

ದುಡ್ಡು ಮಿಕ್ಕರೆ ಪ್ರೊಸೆಸರ್ ದೊಡ್ಡದು ಮಾಡುವ ಬದಲು ರ‍್ಯಾಮ್, ಡಿಸ್ಕ್ ಇಲ್ಲದ ಇನ್ನೊಂದು ಝಡ್440 ಕೊಂಡಿಡಿ. ಪವರ್ ಸಪ್ಲೈ ಹೋದ ದಿನ ಎರಡು ಎಸ್‌ಎಸ್‌ಡಿ, ರ‍್ಯಾಮ್ ಕಡ್ಡಿಗಳು ಇದರಿಂದ ಅದಕ್ಕೆ ಸ್ಥಳಾಂತರವಾದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಮತ್ತೆ ಲಾಗಿನ್. ಎರಡರ ಬಯಾಸ್ ಆವೃತ್ತಿಯೂ, ಸಾಟಾ ಮತ್ತು ಬೂಟ್ ಸೆಟ್ಟಿಂಗ್‌ಗಳೂ ಒಂದೇ ಇರುವಂತೆ ಮೊದಲೇ ಹೊಂದಿಸಿ, ಒಂದು ಭಾನುವಾರ ಬದಲಿಸಿ ನೋಡಿರಿ.